ಕೊಟ್ಟಿಗೆಯ ಧೂಳು, ಮಗುವಿನ ಉಸಿರು



ಹಲಸೂರಿನ ನನ್ನ ಕ್ಲಿನಿಕ್ಕಿಗೆ ಒಂದೇ ವಾರದಲ್ಲಿ ಇಬ್ಬರು ತಾಯಂದಿರು ಬಂದರು. ಇಬ್ಬರ ಮಕ್ಕಳಿಗೂ ಉಬ್ಬಸ. ಒಬ್ಬರು ಜೋಗುಪಾಳ್ಯದವರು. ಅವರ ಮನೆಯ ಹಿಂದಿನ ಗೋಡೆಗೆ ತಾಗಿಕೊಂಡೇ ಹಾಲಿನವರ ಕೊಟ್ಟಿಗೆ. ನಾಲ್ಕು ಹಸು, ಒಂದು ಕರು. "ಡಾಕ್ಟ್ರೇ, ಆ ದನಗಳಿಂದಲೇ ನಮ್ಮ ಹುಡುಗನಿಗೆ ಹೀಗಾಗ್ತಿರೋದು ಅಂತ ಒಂದು ಚೀಟಿ ಬರೆದುಕೊಡಿ. ಕಾರ್ಪೊರೇಷನ್ನಿಗೆ ಕೊಟ್ಟು ಎತ್ತಂಗಡಿ ಮಾಡಿಸ್ತೀವಿ" ಎಂದರು. ಇನ್ನೊಬ್ಬರು ಇಂದಿರಾನಗರದ ಅಪಾರ್ಟ್‌ಮೆಂಟಿನವರು. ದನದ ಜೊತೆ ಬೆಳೆದ ಮಕ್ಕಳಿಗೆ ಅಲರ್ಜಿ ಬರುವುದಿಲ್ಲವೆಂದು ಓದಿಕೊಂಡಿದ್ದರು. ಏಳು ವರ್ಷದ ಮಗಳನ್ನು ಪ್ರತಿ ಭಾನುವಾರ ಹೊಸಕೋಟೆ ಕಡೆಯ ಒಂದು ಹಾಲಿನ ಫಾರಂಗೆ ಕರೆದುಕೊಂಡು ಹೋಗಿ ಹುಲ್ಲಿನ ರಾಶಿಯಲ್ಲಿ ಆಡಲು ಬಿಡುತ್ತಿದ್ದರು. ಮೂರನೆಯ ಭಾನುವಾರ ರಾತ್ರಿ ಮಗು ಉಸಿರು ಬಿಡಲಾರದೆ ಹಾಸಿಗೆಯಲ್ಲಿ ಎದ್ದು ಕೂತಿತು. "ನಮ್ಮ ಹಿರಿಯರು ಸುಮ್ಮನೆ ಗೋಧೂಳಿ ಲಗ್ನ ಅಂತ ಹೇಳಿದ್ರಾ? ಒಳ್ಳೇದು ಅಂತಲೇ ಅಲ್ಲವಾ?" ಎಂದು ಆಕೆ ನನ್ನನ್ನು ಕೇಳಿದರು. ಗಂಟಲು ಕಟ್ಟಿತ್ತು.

ಒಬ್ಬರಿಗೆ ಕೊಟ್ಟಿಗೆ ತೊಲಗಬೇಕು, ಇನ್ನೊಬ್ಬರಿಗೆ ಕೊಟ್ಟಿಗೆ ಬೇಕು. ಇಬ್ಬರ ಮಾತಿನಲ್ಲೂ ನಿಜವಿದೆ. ಆ ನಿಜ ಎಷ್ಟರ ಮಟ್ಟಿಗೆ, ಯಾರ ಪಾಲಿಗೆ ಎಂಬುದನ್ನು ಇವತ್ತು ನಿಮ್ಮೆದುರು ಬಿಡಿಸಿ ಹೇಳಬೇಕೆಂದಿದ್ದೇನೆ.

ರಸ್ತೆಯ ಧೂಳೆಂದರೆ ಹೆಚ್ಚಾಗಿ ಮಣ್ಣು, ಸಿಮೆಂಟು, ಟೈರಿನ ಪುಡಿ, ಡೀಸೆಲ್ಲಿನ ಮಸಿ. ಕೊಟ್ಟಿಗೆಯ ಧೂಳು ಹಾಗಲ್ಲ, ಅದರಲ್ಲಿ ಬಹುಪಾಲು ಜೀವಿಗಳಿಂದ ಬಂದದ್ದು. ಹಸುವಿನ ಮೈಯಿಂದ ಉದುರುವ ಹೊಟ್ಟು, ಕೂದಲಿನ ಚೂರು, ಒಣಗಿದ ಜೊಲ್ಲು, ಗಂಜಲ, ಸಗಣಿಯ ಪುಡಿ. ಹುಲ್ಲು, ಬೂಸಾ, ಹಿಂಡಿಯ ಕಣ. ತೇವ ಕುಡಿದ ಹುಲ್ಲಿಗೆ ಹತ್ತಿದ ಬೂಷ್ಟು. ಮೇವಿನಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿ. ಇವೆಲ್ಲದರ ಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಸತ್ತು ಒಡೆದಾಗ ಅವುಗಳ ಹೊರಗೋಡೆಯಿಂದ ಎಂಡೋಟಾಕ್ಸಿನ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಧೂಳಿನ ಕಣ 10 ಮೈಕ್ರಾನಿಗಿಂತ ಸಣ್ಣದಾದರೆ ಮೂಗನ್ನು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ತುದಿಯ ಗುಳ್ಳೆಗಳವರೆಗೂ ಹೋಗುತ್ತದೆ.

ಈಗ ನಮ್ಮ ಊರಿನ ಮಾತು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಎಬ್ಬಿಸಿ ಹಲಸೂರಿನ ಬದಿಗೆ ತಂದು ನೆಲೆಗೊಳಿಸಿದರು. ಹಳಬರು ಇವತ್ತಿಗೂ ಈ ಕಡೆಯನ್ನು ದಂಡು ಎಂದೇ ಕರೆಯುತ್ತಾರೆ. ದಂಡು ಬಂದಲ್ಲಿ ಕುದುರೆ ಬೇಕು, ಎತ್ತು ಬೇಕು, ಹಾಲು ಮಾಂಸ ಎಲ್ಲವೂ ಬೇಕು. ಹಾಗಾಗಿ ಇಲ್ಲಿ ಜನವಸತಿಯೂ ದನಕರುವೂ ಒಟ್ಟೊಟ್ಟಿಗೆ ಬೆಳೆದವು. 1923ರಲ್ಲಿ ಇಲ್ಲಿಂದ ದಕ್ಷಿಣಕ್ಕೆ, ಆಡುಗೋಡಿಯಲ್ಲಿ, ಪಶುಪಾಲನೆ ಮತ್ತು ಹೈನುಗಾರಿಕೆಯ ರಾಷ್ಟ್ರಮಟ್ಟದ ಸಂಸ್ಥೆಯೇ ಶುರುವಾಯಿತು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿ ದನ ಸಾಕುವ ಪಾಠ ಕಲಿಯಲು ಅಲ್ಲಿಗೆ ಹೋಗಿದ್ದರು. ನಾನು ಹುಡುಗನಾಗಿದ್ದಾಗ ಹಲಸೂರು ಸೋಮೇಶ್ವರನ ಗುಡಿಯ ಸುತ್ತಲಿನ ಓಣಿಗಳಲ್ಲಿ ಬೆಳಗಿನ ಜಾವಕ್ಕೆ ಹಾಲು ಕರೆಯುವ ಸದ್ದು ಕೇಳುತ್ತಿತ್ತು. ಆ ಕೊಟ್ಟಿಗೆಗಳಲ್ಲಿ ಬಹಳಷ್ಟು ಈಗ ಸ್ಕೂಟರ್ ನಿಲ್ಲಿಸುವ ಜಾಗ.

ದನ ಹೋಗಿ ವಾಹನ ಬಂದ ಆ ಕಾಲದಲ್ಲೇ ಮಕ್ಕಳ ಉಸಿರಿಗೆ ಏನಾಯಿತೆಂದು ಲೆಕ್ಕ ಇಟ್ಟವರೊಬ್ಬರು ನಮ್ಮ ಹಲಸೂರು ಕೆರೆಯ ಪಕ್ಕದಲ್ಲೇ ಇದ್ದರು. ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞ ಡಾಕ್ಟರ್ ಎಚ್. ಪರಮೇಶ್. ಆಸ್ಪತ್ರೆಗೆ ಬಂದ, 18 ವರ್ಷದೊಳಗಿನ 20,000 ಮಕ್ಕಳನ್ನು ಅವರು ಐದೈದು ವರ್ಷಕ್ಕೊಮ್ಮೆ ಗಮನಿಸುತ್ತ ಬಂದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಆಸ್ತಮಾ ಇತ್ತು. 1999ರ ಹೊತ್ತಿಗೆ ಅದು 29.5 ಆಗಿತ್ತು. ಇದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದ್ದರಿಂದ ಅವರು ಶಾಲೆಗಳಿಗೂ ಹೋದರು. 12 ಶಾಲೆಗಳ 6,550 ಮಕ್ಕಳಲ್ಲಿ ಆಸ್ತಮಾ ಇದ್ದವರು ಶೇಕಡಾ 16.6. ವಾಹನ ದಟ್ಟಣೆ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ 11.15, ದಟ್ಟಣೆ ಹೆಚ್ಚಿರುವ ಕಡೆ 19.34, ದಟ್ಟಣೆಯೂ ಇದ್ದು ಮನೆಯಲ್ಲಿ ಬಡತನವೂ ಇದ್ದ ಮಕ್ಕಳಲ್ಲಿ 31.14. ಹಳ್ಳಿಗಳಲ್ಲಿ ನೋಡಿದಾಗ ಸಿಕ್ಕಿದ್ದು 5.7 ಮಾತ್ರ.

ಈ 5.7ನ್ನು ಹಿಡಿದುಕೊಂಡು "ನೋಡಿ, ಹಳ್ಳಿಯಲ್ಲಿ ದನ ಇದೆ, ಅದಕ್ಕೇ ಆಸ್ತಮಾ ಇಲ್ಲ" ಎಂದು ಹೇಳುವವರಿದ್ದಾರೆ. ಅವಸರ ಬೇಡ. ಹಳ್ಳಿಯಲ್ಲಿ ದನ ಇದೆ, ಜೊತೆಗೆ ಬಸ್ಸು ಲಾರಿ ಕಡಿಮೆ, ಮಕ್ಕಳು ಬಯಲಲ್ಲಿ ಆಡುವುದು ಹೆಚ್ಚು. ಪರಮೇಶರ ಅಂಕಿಗಳು ಬೊಟ್ಟು ಮಾಡಿದ್ದು ವಾಹನದ ಹೊಗೆಯ ಕಡೆಗೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಆ 31. ಮುಖ್ಯರಸ್ತೆಗೆ ಬಾಗಿಲು ತೆರೆಯುವ ಒಂದೇ ಕೋಣೆಯ ಮನೆ, ಗೋಡೆಯಲ್ಲಿ ತೇವ, ಮೂಲೆಯಲ್ಲಿ ಜಿರಲೆ, ಒಲೆಯ ಹೊಗೆ ಹೋಗಲು ದಾರಿಯಿಲ್ಲ. ಶಿವಾಜಿನಗರದ ಓಣಿಗಳಲ್ಲಿ ಅಂಥ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಮಗುವಿನ ಉಬ್ಬಸಕ್ಕೆ ದನವನ್ನು ಹೊಣೆ ಮಾಡುವುದು ಸುಲಭ, ಏಕೆಂದರೆ ದನ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಕೊಟ್ಟಿಗೆಯ ಧೂಳು ಮಕ್ಕಳನ್ನು ಕಾಯುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದು ಹಳೆಯದು. 1873ರಲ್ಲಿ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಹುಲ್ಲಿನ ಪರಾಗದಿಂದ ಬರುವ ಸೀನು-ನೆಗಡಿಯ ಬಗ್ಗೆ ಪುಸ್ತಕ ಬರೆದರು. ಸ್ವತಃ ಅವರಿಗೇ ಆ ಕಾಯಿಲೆ ಇತ್ತು. ದಿನವಿಡೀ ಹುಲ್ಲಿನ ನಡುವೆ ಇರುವ ರೈತರಿಗೆ ಈ ಕಾಯಿಲೆ ಅಪರೂಪ, ಪಟ್ಟಣದ ಓದಿದವರಿಗೇ ಹೆಚ್ಚು ಎಂಬುದು ಅವರಿಗೆ ಬೆರಗು ತಂದಿತ್ತು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಬವೇರಿಯಾಗಳ ಹಳ್ಳಿಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಮಕ್ಕಳ ಹಾಸಿಗೆಯ ಧೂಳನ್ನು ಹೀರಿ ತೆಗೆದು ಅಳೆದರು. ಆಗಲೇ ಹೇಳಿದ ಎಂಡೋಟಾಕ್ಸಿನ್ ಹಾಸಿಗೆಯಲ್ಲಿ ಹೆಚ್ಚು ಇದ್ದ ಮಕ್ಕಳಿಗೆ ಪರಾಗದ ಅಲರ್ಜಿಯೂ ಅಲರ್ಜಿಯ ಆಸ್ತಮಾವೂ ಕಡಿಮೆ ಇತ್ತು. ಇದು 2002ರ ಮಾತು.

ಇನ್ನೂ ಸ್ಪಷ್ಟವಾದ ಉತ್ತರ ಬಂದದ್ದು 2016ರಲ್ಲಿ, ಅಮೆರಿಕದಿಂದ. ಅಲ್ಲಿ ಆಮಿಶ್, ಹಟ್ಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಇಬ್ಬರ ಪೂರ್ವಜರೂ ಮಧ್ಯ ಯುರೋಪಿನ ಕಡೆಯವರು, ಊಟ ಉಡುಪು ನಡೆನುಡಿ ಹೆಚ್ಚುಕಡಿಮೆ ಒಂದೇ. ಆಮಿಶರು ಇವತ್ತಿಗೂ ಕುದುರೆ ಕಟ್ಟಿ ಉಳುತ್ತಾರೆ. ಒಂದೊಂದು ಕುಟುಂಬಕ್ಕೆ ಒಂದೊಂದು ಸಣ್ಣ ಹೊಲ, ಮನೆಗೆ ಹೊಂದಿಕೊಂಡೇ ಕೊಟ್ಟಿಗೆ, ಅಂಬೆಗಾಲಿಡುವ ಮಕ್ಕಳೂ ಅಲ್ಲೇ ಓಡಾಡುತ್ತವೆ. ಹಟ್ಟರೈಟರದು ದೊಡ್ಡ ಸಾಮುದಾಯಿಕ ಫಾರಂ, ಎಲ್ಲ ಯಂತ್ರದ ಕೆಲಸ, ಚಿಕ್ಕ ಮಕ್ಕಳು ಪ್ರಾಣಿಗಳ ಹತ್ತಿರ ಹೋಗುವುದಿಲ್ಲ. ಹಟ್ಟರೈಟ್ ಮಕ್ಕಳಲ್ಲಿ ಆಸ್ತಮಾ ಶೇಕಡಾ 21.3, ಆಮಿಶ್ ಮಕ್ಕಳಲ್ಲಿ 5.2. ಆಮಿಶರ ಮನೆಯ ಧೂಳಿನಲ್ಲಿ ಎಂಡೋಟಾಕ್ಸಿನ್ ಸುಮಾರು ಏಳು ಪಟ್ಟು ಹೆಚ್ಚು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿ ನೋಡಿದರೆ, ಆಮಿಶರ ಮನೆಯ ಧೂಳು ಇಲಿಗಳನ್ನು ಅಲರ್ಜಿಯ ಉಬ್ಬಸದಿಂದ ಕಾಪಾಡಿತು, ಹಟ್ಟರೈಟರ ಮನೆಯ ಧೂಳು ಕಾಪಾಡಲಿಲ್ಲ. ಅದರ ಹಿಂದಿನ ವರ್ಷವೇ ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು ಕಾರಣದ ಒಂದು ಎಳೆಯನ್ನು ಹಿಡಿದಿದ್ದರು. ಕೊಟ್ಟಿಗೆಯ ಧೂಳು ದಿನದಿನವೂ ಸ್ವಲ್ಪ ಸ್ವಲ್ಪ ತಾಗುತ್ತಿದ್ದರೆ ಶ್ವಾಸನಾಳದ ಒಳಪದರದಲ್ಲಿ ಎ20 ಎಂಬ ಪ್ರೋಟೀನು ಕೆಲಸಕ್ಕೆ ಇಳಿಯುತ್ತದೆ. ಅದು ಒಳಪದರದ ಸಿಟ್ಟನ್ನು ತಗ್ಗಿಸುತ್ತದೆ. ಎ20 ಇಲ್ಲದಂತೆ ಮಾಡಿದ ಇಲಿಗಳಿಗೆ ಧೂಳಿನ ರಕ್ಷಣೆ ಸಿಗಲಿಲ್ಲ.

ವಿಯೆನ್ನಾದವರು ಇನ್ನೊಂದು ಸಂಗತಿ ಕಂಡರು. ಹಾಲಿನಲ್ಲಿರುವ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಪ್ರೋಟೀನು ಕೊಟ್ಟಿಗೆಯ ಧೂಳಿನಲ್ಲೂ ಇದೆ. ಅದು ಕಬ್ಬಿಣದಂಥ ಪೋಷಕವನ್ನು ಹೊತ್ತಿದ್ದಾಗ ನಮ್ಮ ರೋಗನಿರೋಧಕ ಕೋಶಗಳನ್ನು ಸಮಾಧಾನದಲ್ಲಿಡುತ್ತದೆ, ಬರಿದಾಗಿದ್ದಾಗ ಕೆರಳಿಸುತ್ತದೆ. ಹಸುವಿನ ಮೈಹೊಟ್ಟಿನಲ್ಲಿರುವ ಮುಖ್ಯ ಅಲರ್ಜಿಕಾರಕವೂ ಇದೇ ಕುಟುಂಬದ ಪ್ರೋಟೀನು. ಫಿನ್ಲೆಂಡಿನಲ್ಲಿ ಹೈನುಗಾರರಿಗೆ ಬರುತ್ತಿದ್ದ ಆಸ್ತಮಾಕ್ಕೆ ಅದೇ ದೊಡ್ಡ ಕಾರಣವಾಗಿತ್ತು. ಒಂದೇ ಹಸು, ಒಂದೇ ಮನೆತನದ ಪ್ರೋಟೀನು, ಒಬ್ಬರಿಗೆ ಕಾವಲು, ಇನ್ನೊಬ್ಬರಿಗೆ ಕಾಯಿಲೆ.

ಇಷ್ಟನ್ನೂ ಇಂದಿರಾನಗರದ ಆ ತಾಯಿಗೆ ಹೇಳಿದೆ. ಕೊನೆಗೆ ಮುಖ್ಯವಾದ ಮಾತನ್ನೂ ಹೇಳಿದೆ. ಈ ರಕ್ಷಣೆ ಸಿಗುವುದು ತಾಯಿ ಬಸುರಿಯಾಗಿದ್ದಾಗಿನಿಂದ ಮಗುವಿನ ಮೊದಲ ಒಂದೆರಡು ವರ್ಷದವರೆಗೆ, ಅದೂ ದಿನನಿತ್ಯದ ಒಡನಾಟದಿಂದ. ಏಳು ವರ್ಷಕ್ಕೆ, ಆಗಲೇ ಉಬ್ಬಸ ಶುರುವಾಗಿರುವ ಮಗುವನ್ನು ವಾರಕ್ಕೊಮ್ಮೆ ಹುಲ್ಲಿನ ರಾಶಿಗೆ ಇಳಿಸುವುದು ಕಾಯಿಲೆಗೆ ಮೇವು ಹಾಕಿದ ಹಾಗೆ. "ಅಲ್ಲಿ ಹಸಿ ಹಾಲೂ ಕುಡಿಸ್ತಿದ್ವಿ" ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದರು. ನನಗೆ ಎದೆ ಧಸಕ್ಕೆಂದಿತು. ಯುರೋಪಿನ ಅಧ್ಯಯನಗಳಲ್ಲಿ ಹಸಿ ಹಾಲಿಗೂ ಅಲರ್ಜಿ ಕಡಿಮೆಯಾಗುವುದಕ್ಕೂ ನಂಟು ಕಂಡದ್ದು ನಿಜ. ಆದರೆ ಹಸಿ ಹಾಲಿನಲ್ಲಿ ಬ್ರುಸೆಲ್ಲಾ ಬರಬಹುದು, ದನದ ಕ್ಷಯ ಬರಬಹುದು. ಹಾಲು ಉಕ್ಕಿಸಿ ಕುಡಿಯುವ ನಮ್ಮ ಅಡುಗೆಮನೆಯ ಪದ್ಧತಿಯನ್ನು ಯಾವ ಅಧ್ಯಯನಕ್ಕಾಗಿಯೂ ಬಿಡಬೇಡಿ.

ಇನ್ನು ಜೋಗುಪಾಳ್ಯದ ಮನೆ. ಚೀಟಿ ಬರೆಯುವ ಮೊದಲು ಒಂದು ಸಂಜೆ ಅಲ್ಲಿಗೆ ಹೋದೆ. ಹುಡುಗನಿಗೆ ಕೆಮ್ಮು ಏಳುವುದು ಸಂಜೆ ಏಳರ ಸುಮಾರಿಗೆ, ಮತ್ತೆ ಬೆಳಗಿನ ಜಾವಕ್ಕೆ ಎಂದು ತಾಯಿ ಹೇಳಿದ್ದರು. ಆರೂವರೆಗೆ ಕೊಟ್ಟಿಗೆಯ ಮುಂದೆ ನಿಂತಿದ್ದಾಗ ಹಾಲಿನ ಅಜ್ಜಿ ಒಂದು ಹಳೆಯ ಬಾಂಡಲಿಯಲ್ಲಿ ಒದ್ದೆ ಹುಲ್ಲು, ಬೆರಣಿಯ ಚೂರು, ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದರು. ಹೊಗೆ ಗೋಡೆ ಹತ್ತಿ ನೇರವಾಗಿ ಹುಡುಗನ ಕಿಟಕಿಗೆ ಹೋಯಿತು. "ಸೊಳ್ಳೆ ಕಚ್ಚಿದ್ರೆ ಹಸು ನಿಂತ ಕಡೆ ನಿಲ್ಲಲ್ಲ ಸಾರ್, ಹಾಲೂ ಇಳಿಸಲ್ಲ" ಎಂದರು ಅಜ್ಜಿ. ಮೇಲೆ ತಗಡಿನ ಸೂರಿನ ಕೆಳಗೆ ಹುಲ್ಲು ಪೇರಿಸಿದ್ದರು. ಅಕ್ಟೋಬರ್ ಮಳೆಗೆ ಸೋರಿ ಒಂದು ಪಕ್ಕ ಕಪ್ಪಾಗಿತ್ತು. ಒಂದು ಕಂತೆ ಎಳೆದರೆ ಬೂದಿಯಂಥ ಪುಡಿ ಎದ್ದಿತು. ಅದು ಬೂಷ್ಟು.

ಹುಡುಗನಿಗೆ ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸಿದಾಗ ಮನೆಯ ಧೂಳಿನ ನುಸಿಗೆ, ಜಿರಲೆಗೆ ಜೋರಾಗಿ ದದ್ದು ಎದ್ದವು. ಹಸುವಿನ ಮೈಹೊಟ್ಟಿಗೆ ಏನೂ ಏಳಲಿಲ್ಲ. ಬೆಳಗಿನ ಜಾವದ ಕೆಮ್ಮಿಗೆ ಉತ್ತರ ಅವನ ಹತ್ತಿಯ ದಿಂಬಿನಲ್ಲಿತ್ತು, ಸಂಜೆಯ ಕೆಮ್ಮಿಗೆ ಉತ್ತರ ಆ ಬಾಂಡಲಿಯಲ್ಲಿತ್ತು. ಅಜ್ಜಿಯ ಮೊಮ್ಮಗ ಕೊಟ್ಟಿಗೆಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಒಂದು ಫ್ಯಾನು ಹಾಕಿಸಿದ. ಕೆಟ್ಟ ಹುಲ್ಲು ಗೊಬ್ಬರಕ್ಕೆ ಹೋಯಿತು. ಹುಡುಗನಿಗೆ ದಿನವೂ ತೆಗೆದುಕೊಳ್ಳುವ ಇನ್‌ಹೇಲರ್ ಶುರು ಮಾಡಿದೆ. ಎರಡು ತಿಂಗಳಲ್ಲಿ ಅವನು ಶಾಲೆಯ ಓಟಕ್ಕೆ ಹೆಸರು ಕೊಟ್ಟ. ಇದರಲ್ಲಿ ಹೆಚ್ಚಿನ ಪಾಲು ಇನ್‌ಹೇಲರಿನದೇ ಎಂದು ನಾನು ಒತ್ತಿ ಹೇಳುತ್ತೇನೆ. "ಪಂಪು ಅಭ್ಯಾಸ ಆಗಿಬಿಡುತ್ತೆ" ಎಂದು ಹೆದರಿ ಅರ್ಧಕ್ಕೆ ನಿಲ್ಲಿಸುವವರು ಬಹಳ. ಅಭ್ಯಾಸವಾಗುವುದಿಲ್ಲ. ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಅಷ್ಟೇ.

ಆ ಸಂಜೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನಾವೆಲ್ಲ ಹುಡುಗನ ಕೆಮ್ಮಿನ ಬಗ್ಗೆ ಮಾತಾಡುತ್ತಿದ್ದೆವು, ಅಜ್ಜಿ ಪಕ್ಕದಲ್ಲೇ ಕೆಮ್ಮುತ್ತಿದ್ದರು. ಹೊಸ ಹುಲ್ಲಿನ ಹೊರೆ ಬಿಚ್ಚಿದ ದಿನ ರಾತ್ರಿ ಮೈ ಬಿಸಿ, ಎದೆ ಬಿಗಿತ, ಎರಡು ದಿನಕ್ಕೆ ತಾನೇ ಇಳಿಯುತ್ತದೆ, ವರ್ಷಗಳಿಂದ ಹೀಗೇ ಎಂದರು. ಬೂಷ್ಟು ಹಿಡಿದ ಹುಲ್ಲಿನಿಂದ ಹೀಗಾಗುವ ಕಾಯಿಲೆಯನ್ನು 1932ರಲ್ಲೇ ಇಂಗ್ಲೆಂಡಿನ ಉತ್ತರದ ರೈತರಲ್ಲಿ ಕ್ಯಾಂಬೆಲ್ ಎಂಬ ವೈದ್ಯ ವಿವರಿಸಿದ್ದರು. ಅದಕ್ಕೆ ರೈತರ ಶ್ವಾಸಕೋಶದ ಕಾಯಿಲೆ ಎಂದೇ ಹೆಸರು. ಇದು ಉಬ್ಬಸವಲ್ಲ. ಬಿಟ್ಟರೆ ಶ್ವಾಸಕೋಶ ಮೆಲ್ಲಗೆ ಗಡುಸಾಗುತ್ತದೆ. ಅಜ್ಜಿಯ ಕೆಮ್ಮನ್ನು ಅದುವರೆಗೆ ಯಾರೂ ವಿಚಾರಿಸಿರಲಿಲ್ಲ. ಎಕ್ಸ್-ರೇಗೆ ಕಳಿಸಿದೆ.

ಕೋಳಿಯ ಧೂಳು ಇನ್ನೂ ಗಡುಸು. ಹೊಸಕೋಟೆ, ಮಾಲೂರು, ಕೋಲಾರದ ಕಡೆಯ ಫಾರಂಗಳಲ್ಲಿ ಭತ್ತದ ಹೊಟ್ಟು ಹಾಸಿದ ನೆಲದ ಮೇಲೆ ಸಾವಿರಗಟ್ಟಲೆ ಕೋಳಿಗಳು ಸುಮಾರು ಆರು ವಾರ ಒಂದೇ ಸೂರಿನಡಿ ಬೆಳೆಯುತ್ತವೆ. ಹೊಟ್ಟು, ಹಿಕ್ಕೆ, ಪುಕ್ಕದ ಎಳೆ, ಮೇವಿನ ಹಿಟ್ಟು ಎಲ್ಲ ಬೆರೆತು ಒಣಗುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಬಾಗಿಲು ತೆರೆದ ಕೂಡಲೇ ಕಣ್ಣು ಉರಿಯುವುದು ಅದರಿಂದಲೇ. ಸ್ವಲ್ಪ ಸ್ವಲ್ಪವಾಗಿ ಮಗುವನ್ನು ಕಾಯುವ ಎಂಡೋಟಾಕ್ಸಿನ್ ಇಲ್ಲಿ ರಾಶಿರಾಶಿಯಾಗಿ ಕೆಲಸಗಾರನ ಎದೆಗೆ ಹೋಗುತ್ತದೆ, ಅಲರ್ಜಿಯೇ ಇಲ್ಲದವರಿಗೂ ಕೆಮ್ಮು, ಬಿಗಿತ, ಜ್ವರ ತರುತ್ತದೆ. ಹಾಲೆಂಡಿನ ದಕ್ಷಿಣದ ಪ್ರಾಂತ್ಯಗಳಲ್ಲಿ ಫಾರಂಗಳ ಅಕ್ಕಪಕ್ಕದ ನಿವಾಸಿಗಳನ್ನು ದೊಡ್ಡ ಪ್ರಮಾಣದಲ್ಲಿ ಅಧ್ಯಯನ ಮಾಡಿದಾಗ ಎರಡೂ ಮುಖ ಒಟ್ಟಿಗೆ ಕಂಡವು. ಫಾರಂ ಹತ್ತಿರದವರಲ್ಲಿ ಆಸ್ತಮಾ, ಅಲರ್ಜಿ ಕಡಿಮೆ. ಆದರೆ ಮೊದಲೇ ಶ್ವಾಸಕೋಶ ಸವೆದವರಿಗೆ ಉಬ್ಬಸ ಹೆಚ್ಚು. ಗಾಳಿಯಲ್ಲಿ ಅಮೋನಿಯಾ ಏರಿದ ವಾರದ ಬಳಿಕ ಜನರ ಉಸಿರಿನ ಶಕ್ತಿ ಕುಗ್ಗಿತ್ತು.

ಅಮೋನಿಯಾ ಫಾರಂನಲ್ಲೇ ಕೂರುವುದಿಲ್ಲ. ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳಿಂದ ಹುಟ್ಟುವ ಆಮ್ಲದ ಜೊತೆ ಕೂಡಿ ಗಾಳಿಯಲ್ಲೇ ಹೊಸ ಸೂಕ್ಷ್ಮ ಧೂಳಾಗುತ್ತದೆ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆವರೆಗೆ ಬೆಳಿಗ್ಗೆ ವಾಹನಗಳು ತೆವಳುವುದನ್ನು ನೋಡಿದವರಿಗೆ ಆ ಹೊಗೆ ಎಷ್ಟೆಂದು ಹೇಳಬೇಕಿಲ್ಲ. ಎರಡೂವರೆ ಮೈಕ್ರಾನಿನ ಧೂಳಿಗೆ ನಮ್ಮ ದೇಶ ಒಪ್ಪಿಕೊಂಡಿರುವ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಅಂತರ ಮಕ್ಕಳ ಎದೆಯ ಮೇಲೆ ಹೊರೆಯಾಗಿ ಕೂತಿದೆ ಎಂದು ವೈದ್ಯನಾಗಿ ನನಗೆ ಅನಿಸುತ್ತದೆ.

ಕೆ.ಆರ್. ಪುರದ ಅದೇ ರಸ್ತೆಯಲ್ಲಿ ನಸುಕಿಗೆ ಕೋಳಿ ತುಂಬಿದ ಗಾಡಿಗಳು ಊರೊಳಕ್ಕೆ ಬರುತ್ತವೆ. ಶಿವಾಜಿನಗರದ ಒಂದು ಕೋಳಿ ಅಂಗಡಿಯಲ್ಲಿ ಪಂಜರ ಇಳಿಸುವ, ತೊಳೆಯುವ ಕೆಲಸದ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಾನೆ. ವಯಸ್ಸು ಇಪ್ಪತ್ತಾರು. ಮೊದಲ ಸಲ ಬಂದಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬಂದಿದ್ದ. ಕರ್ಚೀಫು ಪುಕ್ಕವನ್ನು ತಡೆಯುತ್ತದೆ, ಎದೆಗಿಳಿಯುವ ಧೂಳನ್ನು ತಡೆಯುವುದಿಲ್ಲ. ಅದಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಬೇಕು. ಒಣ ಪಂಜರವನ್ನು ಗುಡಿಸುವ ಬದಲು ಮೊದಲು ನೀರು ಚಿಮುಕಿಸಿದರೆ ಅರ್ಧ ಧೂಳು ಏಳುವುದೇ ಇಲ್ಲ. ಅವನ ಕೈಗೆ ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ದಿನಕ್ಕೆ ನಾಲ್ಕು ಸಲ ಊದಿ ಬರೆದಿಡು ಎಂದಿದ್ದೆ. ಕೆಲಸಕ್ಕೂ ಉಬ್ಬಸಕ್ಕೂ ನಂಟಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ, ನೇರವಾದ ದಾರಿ ಇಲ್ಲ.

ಕಳೆದ ತಿಂಗಳು ನೋಟ್‌ಬುಕ್ ತಂದ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 360, ಸಂಜೆಗೆ 300. ತಂಗಿಯ ಮದುವೆಗೆಂದು ನಾಲ್ಕು ದಿನ ಕೋಲಾರದಲ್ಲಿ ಇದ್ದಾಗ ಸಂಜೆಯ ಅಳತೆ 340, 370, 400, 420. ಮರಳಿ ಅಂಗಡಿಗೆ ಹೋದ ಮೂರನೆಯ ದಿನ ಮತ್ತೆ 310. ಅವನೇ ಬೆರಳಿಟ್ಟು ಆ ಸಾಲನ್ನು ತೋರಿಸಿದ. ಬೇರೆ ಕೆಲಸ ಹುಡುಕಿಕೊ ಎಂದು ಹೇಳುವುದು ಸುಲಭವಿರಲಿಲ್ಲ. ಪಂಜರದಿಂದ ಬಿಲ್ಲಿನ ಮೇಜಿಗೆ ಬದಲಾಯಿಸಲು ಮಾಲೀಕರಿಗೆ ಒಂದು ಕಾಗದ ಬರೆದುಕೊಟ್ಟೆ.

ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು ಕೇಳಿದ. "ಸಾರ್, ನನ್ನ ಹೆಂಡ್ತಿಗೆ ಈಗ ಐದು ತಿಂಗಳು. ಪ್ರಾಣಿ ಧೂಳು ಹೊಟ್ಟೆಯಲ್ಲಿರೋ ಮಗೂಗೆ ಒಳ್ಳೇದು ಅಂತ ಮೊಬೈಲಲ್ಲಿ ನೋಡ್ದೆ. ನಾನು ಈ ಬಟ್ಟೆಯಲ್ಲೇ ಮನೆಗೆ ಹೋದ್ರೆ ಮಗೂಗೆ ಒಳ್ಳೇದಾಗುತ್ತಾ?"

ಆ ಅಧ್ಯಯನಗಳು ಹೇಳಿದ್ದು ಗಾಳಿಯಾಡುವ ಕೊಟ್ಟಿಗೆಯ ಹಸು, ಹುಲ್ಲಿನ ಧೂಳಿನ ಬಗ್ಗೆ. ಕೋಳಿ ಪಂಜರದ ಧೂಳನ್ನು ಬಸುರಿಯ ಹತ್ತಿರ ಒಯ್ಯಬೇಡ, ಅದರಲ್ಲಿ ಅಮೋನಿಯಾ ಇದೆ, ರೋಗಾಣು ಇದೆ ಎಂದೆ. ಅಂಗಡಿಯ ಹಿಂದೆ ನಲ್ಲಿ ಇದೆಯೇ ಎಂದು ಕೇಳಿದೆ. ಇದೆ ಎಂದ. ಅಲ್ಲೇ ಕೈಕಾಲು ಮುಖ ತೊಳೆದುಕೊಂಡು, ಬೇರೆ ಅಂಗಿ ಹಾಕಿಕೊಂಡು, ಕೆಲಸದ ಬಟ್ಟೆಯನ್ನು ಒಂದು ಚೀಲದಲ್ಲಿ ಕಟ್ಟಿ ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋಗು ಎಂದು ಹೇಳಿದೆ. ತಲೆಯಾಡಿಸಿದ. ಮುಂದಿನ ಸಲ ಬಂದಾಗ ಅವನ ಕೈಯಲ್ಲಿ ನೋಟ್‌ಬುಕ್ಕಿನ ಜೊತೆ ಮಡಿಸಿದ ಒಂದು ಒಗೆದ ಅಂಗಿಯೂ ಇತ್ತು.